ನಿಷೇಧವೇ ಬೇಕಿಲ್ಲ, ತಡ ಮಾಡಿದರೆ ಸಾಕು

ಮೊದಲು ಒಂದು ಸಣ್ಣ ಲೆಕ್ಕ ನೋಡೋಣ.

ಆನಂದ್ ಪಟವರ್ಧನ್ ಅವರ ‘ರಾಮ್ ಕೆ ನಾಮ್’ ಸಾಕ್ಷ್ಯಚಿತ್ರ 1992ರ ಡಿಸೆಂಬರ್‌ಗೆ ಮುಂಚೆಯೇ ಸಿದ್ಧವಾಗಿತ್ತು. ದೂರದರ್ಶನದಲ್ಲಿ ಅದು ಪ್ರಸಾರವಾದದ್ದು 1997ರಲ್ಲಿ. ಅದೇ ನಿರ್ದೇಶಕರ ‘ಫಾದರ್, ಸನ್ ಅಂಡ್ ಹೋಲಿ ವಾರ್’ ಮುಗಿದದ್ದು 1995ರ ಸುಮಾರಿಗೆ. ಅದನ್ನು ಪ್ರಸಾರ ಮಾಡಿ ಅಂತ ಸುಪ್ರೀಂ ಕೋರ್ಟ್ ಕೊನೆಯದಾಗಿ ಹೇಳಿದ್ದು 2006ರ ಆಗಸ್ಟ್ 25ರಂದು. ಭೋಪಾಲದಲ್ಲಿ ವಿಷಾನಿಲ ಸೋರಿದ್ದು 1984ರ ಡಿಸೆಂಬರ್‌ನಲ್ಲಿ. ಆ ದುರಂತದ ಬಗ್ಗೆ ತೆಗೆದ ‘ಬಿಯಾಂಡ್ ಜೆನೊಸೈಡ್’ ಎಂಬ ಚಿತ್ರವನ್ನು ತೋರಿಸಲೇಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1992ರಲ್ಲಿ.

ಗಮನಿಸಿ, ಈ ಮೂರೂ ಗೆದ್ದ ಕಥೆಗಳು. ಮೂರೂ ಚಿತ್ರಗಳಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಮೂರನ್ನೂ ಯಾರೂ ಶಾಶ್ವತವಾಗಿ ನಿಷೇಧಿಸಲಿಲ್ಲ. ಕೊನೆಗೆ ಎಲ್ಲವೂ ಸರಿಹೋಯಿತಲ್ಲ, ಇನ್ನೇನು ತಕರಾರು ಅಂತ ನೀವು ಕೇಳಬಹುದು.

ತಕರಾರು ಇರುವುದೇ ಆ ‘ಕೊನೆಗೆ’ ಅನ್ನುವ ಪದದಲ್ಲಿ. ಕಾದಂಬರಿ ಹತ್ತು ವರ್ಷ ತಡವಾಗಿ ಬಂದರೂ ಕಾದಂಬರಿಯೇ. ಆದರೆ ‘ಎಚ್ಚರ, ಇಲ್ಲಿ ಬೆಂಕಿ ಹೊತ್ತಿಕೊಳ್ಳುತ್ತಿದೆ’ ಅಂತ ಕೂಗುವ ಚಿತ್ರ ಬೆಂಕಿ ಆರಿ ಬೂದಿಯಾದ ಮೇಲೆ ಮನೆಗೆ ಬಂದರೆ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ. ನಮ್ಮ ದೇಶದಲ್ಲಿ ರಾಜಕೀಯ ಸಾಕ್ಷ್ಯಚಿತ್ರಗಳ ಹೋರಾಟವನ್ನು ಸಾಮಾನ್ಯವಾಗಿ ಕತ್ತರಿಯ ಕಥೆಯಾಗಿ ಹೇಳುತ್ತಾರೆ. ನನಗೆ ಮಾತ್ರ ಅದು ಗಡಿಯಾರದ ಕಥೆ ಅನ್ನಿಸುತ್ತದೆ.

ಒಂದೇ ಬಾಗಿಲಿನ ಮನೆ

ಸ್ವಲ್ಪ ಹಿಂದಕ್ಕೆ ಹೋಗೋಣ. ಸಾಕ್ಷ್ಯಚಿತ್ರ ಅಂದ ತಕ್ಷಣ ಒಂದು ತಲೆಮಾರಿನವರಿಗೆ ನೆನಪಾಗುವುದು ಟಾಕೀಸಿನಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಹಾಕುತ್ತಿದ್ದ ‘ವಾರ್ತಾಚಿತ್ರ’. ಅಣೆಕಟ್ಟು, ಪ್ರವಾಹ, ಮಂತ್ರಿಗಳ ಶಂಕುಸ್ಥಾಪನೆ, ಗಂಭೀರ ದನಿಯ ನಿರೂಪಣೆ. ಜನ ಆಗ ಹೊರಗೆ ನಿಂತು ಬೀಡಿ ಸೇದುತ್ತಿದ್ದರು ಅಥವಾ ಕಡಲೆಕಾಯಿ ಕೊಳ್ಳುತ್ತಿದ್ದರು. ಇದನ್ನು ತಯಾರಿಸುತ್ತಿದ್ದದ್ದು 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್. ದೇಶದ ಎಲ್ಲ ಚಿತ್ರಮಂದಿರಗಳೂ ಇದನ್ನು ಕಡ್ಡಾಯವಾಗಿ ತೋರಿಸಬೇಕಿತ್ತು. ಈಗ ಆ ಸಂಸ್ಥೆ ಎನ್‌ಎಫ್‌ಡಿಸಿಯೊಳಗೆ ವಿಲೀನವಾಗಿಬಿಟ್ಟಿದೆ.

ವಿಚಿತ್ರ ನೋಡಿ. ಸರ್ಕಾರ ತೆಗೆದ ಸಾಕ್ಷ್ಯಚಿತ್ರವನ್ನು ನೋಡದೆ ವಿಧಿಯಿಲ್ಲ. ಸ್ವತಂತ್ರವಾಗಿ ತೆಗೆದದ್ದನ್ನು ನೋಡೋಣವೆಂದರೆ ಜಾಗವಿಲ್ಲ! ಕಥಾಚಿತ್ರಕ್ಕಾದರೆ ಹಂಚಿಕೆದಾರ ಇರುತ್ತಾನೆ, ಥಿಯೇಟರ್ ಇರುತ್ತದೆ, ದುಡ್ಡು ಹಾಕಿದವನ ಒತ್ತಡ ಇರುತ್ತದೆ. ನಮ್ಮ ಮೈಸೂರಿನವರೇ ಆದ ಎಂ.ಎಸ್. ಸತ್ಯು ಅವರ ‘ಗರಂ ಹವಾ’ವನ್ನೇ ತೆಗೆದುಕೊಳ್ಳಿ. ದೇಶವಿಭಜನೆಯ ನಂತರ ಇಲ್ಲೇ ಉಳಿದ ಒಂದು ಮುಸ್ಲಿಂ ಕುಟುಂಬದ ಕಥೆ. ಗಲಭೆಯಾದೀತು ಅನ್ನುವ ಭಯದಿಂದ ಸೆನ್ಸಾರ್ ಅದನ್ನು ತಿಂಗಳುಗಟ್ಟಲೆ ತಡೆಹಿಡಿದಿತ್ತು. ಆದರೆ ಅನುಮತಿ ಸಿಕ್ಕಿದಾಗ ಬಿಡುಗಡೆ ಮಾಡಲು ಬೆಂಗಳೂರಿನ ಸಾಗರ್, ಸಂಗೀತ್ ಚಿತ್ರಮಂದಿರಗಳಿದ್ದವು. ಅಲ್ಲಿಂದ ಚಿತ್ರ ಹೊರಟಿತು, ಗಲಭೆ ಏನೂ ಆಗಲಿಲ್ಲ.

ಸಾಕ್ಷ್ಯಚಿತ್ರಕ್ಕೆ ಆ ಸಾಗರ್ ಇಲ್ಲ, ಸಂಗೀತ್ ಇಲ್ಲ. ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕರೂ ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗುವುದು? 1980ರ ದಶಕದಲ್ಲಿ ಉತ್ತರ ಒಂದೇ, ದೂರದರ್ಶನ. ಇಡೀ ದೇಶಕ್ಕೆ ಒಂದೇ ಚಾನೆಲ್, ಅದೂ ಸರ್ಕಾರದ್ದು. ಒಂದೇ ಬಾಗಿಲಿನ ಮನೆಯಲ್ಲಿ ಬಾಗಿಲು ಕಾಯುವವನು ಗದರಿಸಬೇಕಾಗಿಲ್ಲ, ‘ನಾಳೆ ಬಾ’ ಅಂದರೆ ಸಾಕು.

ಅಬ್ಬಾಸ್ ಕೇಳಿದ್ದ ಪ್ರಶ್ನೆ

ಈ ‘ನಾಳೆ ಬಾ’ ಅನ್ನುವ ರೋಗವನ್ನು ಬಹಳ ಮೊದಲೇ ಗುರುತಿಸಿದವರು ಖ್ವಾಜಾ ಅಹ್ಮದ್ ಅಬ್ಬಾಸ್. ರಾಜ್ ಕಪೂರ್‌ಗೆ ‘ಆವಾರಾ’ ಬರೆದುಕೊಟ್ಟ ಅಬ್ಬಾಸ್ ಅವರೇ. ಅವರು ಮುಂಬಯಿ, ಕಲ್ಕತ್ತ, ಮದ್ರಾಸ್, ದೆಹಲಿ ಈ ನಾಲ್ಕು ನಗರಗಳ ಸಿರಿತನ ಮತ್ತು ಬಡತನವನ್ನು ಅಕ್ಕಪಕ್ಕದಲ್ಲಿಟ್ಟು ‘ಚಾರ್ ಶಹರ್ ಏಕ್ ಕಹಾನಿ’ ಅಂತ ಒಂದು ಪುಟ್ಟ ಸಾಕ್ಷ್ಯಚಿತ್ರ ತೆಗೆದರು. ಎಲ್ಲರೂ ನೋಡಬಹುದಾದ ‘ಯು’ ಸರ್ಟಿಫಿಕೇಟ್ ಕೇಳಿದರು. ಮುಂಬಯಿಯ ಕೆಂಪುದೀಪ ಪ್ರದೇಶದ ದೃಶ್ಯಗಳಿವೆ ಅಂತ ಸೆನ್ಸಾರ್ ಕೊಡಲಿಲ್ಲ. ಅಬ್ಬಾಸ್ ಸುಪ್ರೀಂ ಕೋರ್ಟಿಗೇ ಹೋದರು.

1970ರ ತೀರ್ಪು ಹೆಸರಾಗಿರುವುದು ಒಂದು ಕಾರಣಕ್ಕೆ. ಚಿತ್ರಗಳನ್ನು ಮುಂಚಿತವಾಗಿ ಸೆನ್ಸಾರ್ ಮಾಡುವುದು ಸಂವಿಧಾನಬದ್ಧ ಅಂತ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರಿದ್ದ ಪೀಠ ಹೇಳಿತು. ಅಬ್ಬಾಸ್ ಆ ಮುಖ್ಯ ವಾದದಲ್ಲಿ ಸೋತರು. ಆದರೆ ಅವರು ಇನ್ನೂ ಎರಡು ಮಾತು ಕೇಳಿದ್ದರು, ಅದನ್ನು ನಾವು ಮರೆತುಬಿಡುತ್ತೇವೆ. ಒಂದು, ಸೆನ್ಸಾರ್ ಇಷ್ಟು ದಿನದೊಳಗೆ ತೀರ್ಮಾನ ಹೇಳಬೇಕು ಅಂತ ಗಡುವು ಇರಬೇಕು. ಎರಡು, ಅದರ ಮೇಲಿನ ಮೇಲ್ಮನವಿ ಸರ್ಕಾರದ ಬಳಿಗೇ ಹೋಗಬಾರದು, ಸ್ವತಂತ್ರವಾದ ಒಂದು ನ್ಯಾಯಮಂಡಳಿಗೆ ಹೋಗಬೇಕು. ಇವೆರಡನ್ನೂ ಸರಿಪಡಿಸುತ್ತೇವೆ ಅಂತ ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿಕೊಂಡಿತು.

ಒಪ್ಪಿಕೊಂಡದ್ದೇನೋ ನಿಜ. ಮೇಲ್ಮನವಿ ನ್ಯಾಯಮಂಡಳಿ ಬರುವ ಹೊತ್ತಿಗೆ 1980ರ ದಶಕ ಬಂದಿತ್ತು. 2021ರ ಏಪ್ರಿಲ್‌ನಲ್ಲಿ ಒಂದು ಸುಗ್ರೀವಾಜ್ಞೆಯಿಂದ ಅದನ್ನು ರದ್ದು ಮಾಡಲಾಯಿತು. ಈಗ ಸೆನ್ಸಾರ್ ಮಂಡಳಿಯ ತೀರ್ಮಾನ ಸರಿಯಿಲ್ಲ ಅನ್ನಿಸಿದರೆ ನೇರವಾಗಿ ಹೈಕೋರ್ಟಿಗೆ ಹೋಗಬೇಕು. ಅಲ್ಲಿ ಎಷ್ಟು ಕೇಸುಗಳು ಕಾಯುತ್ತಿವೆ ಅಂತ ನಿಮಗೆ ಹೇಳಬೇಕಾಗಿಲ್ಲ.

ತುಂಡು ತುಂಡಾಗಿ ದೇಶ ದಾಟಿದ ಚಿತ್ರ

ಇನ್ನು ಪಟವರ್ಧನ್ ಕಥೆಗೆ ಬರೋಣ. ಯಾಕೆಂದರೆ ದಾರಿಯಿಲ್ಲದಾಗ ಚಿತ್ರವನ್ನು ಜನರ ಬಳಿಗೆ ಒಯ್ಯುವುದು ಹೇಗೆ ಅನ್ನುವ ಪ್ರಶ್ನೆಯೊಂದಿಗೆ ಅವರಷ್ಟು ದೀರ್ಘಕಾಲ ಗುದ್ದಾಡಿದವರು ಕಡಿಮೆ.

1974ರಲ್ಲಿ ಬಿಹಾರದಲ್ಲಿ ಜಯಪ್ರಕಾಶ ನಾರಾಯಣರ ಚಳವಳಿ ನಡೆಯುತ್ತಿದ್ದಾಗ ಪಟವರ್ಧನ್ ಕೈಯಲ್ಲಿ ಸರಿಯಾದ ಕ್ಯಾಮೆರಾವೂ ಇರಲಿಲ್ಲ. ಮನೆಮಂದಿಯ ಮದುವೆ, ಪ್ರವಾಸ ತೆಗೆಯಲು ಬಳಸುತ್ತಿದ್ದ ಸೂಪರ್ 8 ಕ್ಯಾಮೆರಾದಲ್ಲಿ ಒಂದಷ್ಟು ತೆಗೆದು, ಅದನ್ನು ಪರದೆಯ ಮೇಲೆ ಹಾಯಿಸಿ 16 ಎಂಎಂ ಕ್ಯಾಮೆರಾದಲ್ಲಿ ಮತ್ತೆ ತೆಗೆದರು. ಹೀಗೆ ಹುಟ್ಟಿದ್ದು ‘ಕ್ರಾಂತಿ ಕಿ ತರಂಗೆ’. ಅಷ್ಟರಲ್ಲಿ 1975ರ ಜೂನ್ ಬಂತು, ತುರ್ತು ಪರಿಸ್ಥಿತಿ ಬಂತು. ಚಿತ್ರ ತೋರಿಸುವುದಿರಲಿ, ಇಟ್ಟುಕೊಳ್ಳುವುದೂ ಅಪಾಯ. ಪ್ರಿಂಟನ್ನು ತುಂಡು ತುಂಡು ಮಾಡಿ ಬೇರೆ ಬೇರೆ ಪ್ರಯಾಣಿಕರ ಕೈಯಲ್ಲಿ ಹೊರದೇಶಕ್ಕೆ ಸಾಗಿಸಿದರು. ಪಟವರ್ಧನ್ ಓದಲೆಂದು ಕೆನಡಾಕ್ಕೆ ಹೋದಾಗ ಆ ತುಂಡುಗಳನ್ನು ಕೂಡಿಸಿ ಅಲ್ಲಿನ ಜನರಿಗೆ ತೋರಿಸಿದರು. ಇಲ್ಲಿಯ ಜನರ ಬಗ್ಗೆ ತೆಗೆದ ಚಿತ್ರ, ನೋಡಿದ್ದು ಅಲ್ಲಿಯ ಜನ!

ತುರ್ತು ಪರಿಸ್ಥಿತಿ ಮುಗಿಯಿತು. ಬಾಗಿಲು ಮಾತ್ರ ಒಂದೇ ಉಳಿಯಿತು. 1985ರಲ್ಲಿ ಮುಂಬಯಿಯ ಕೊಳೆಗೇರಿಗಳನ್ನು ನೆಲಸಮ ಮಾಡುತ್ತಿದ್ದುದರ ಬಗ್ಗೆ ‘ಹಮಾರಾ ಶಹರ್’ ತೆಗೆದರು. ರಾಷ್ಟ್ರಪ್ರಶಸ್ತಿ ಬಂತು, ಆದರೆ ದೂರದರ್ಶನ ಬೇಡ ಅಂತು. ಮತ್ತೆ ಕೋರ್ಟು. ಪಂಜಾಬಿನ ಹಿಂಸೆಯ ದಿನಗಳಲ್ಲಿ ಭಗತ್ ಸಿಂಗ್‌ನ ನೆನಪನ್ನು ಹಿಡಿದುಕೊಂಡು ಸೌಹಾರ್ದದ ಮಾತಾಡುತ್ತಿದ್ದವರ ಬಗ್ಗೆ ತೆಗೆದ ‘ಇನ್ ಮೆಮೊರಿ ಆಫ್ ಫ್ರೆಂಡ್ಸ್’ 1990ರದ್ದು. ಆ ಕುರಿತು ಬಾಂಬೆ ಹೈಕೋರ್ಟಿನ ತೀರ್ಪು ಬಂದದ್ದು 1996ರಲ್ಲಿ. ಅಷ್ಟರಲ್ಲಿ ಪಂಜಾಬಿನ ಹಿಂಸೆಯೇ ಹೆಚ್ಚುಕಡಿಮೆ ತಣ್ಣಗಾಗಿತ್ತು.

ಒಂದು ಕೈಯಲ್ಲಿ ಪ್ರಶಸ್ತಿ ಕೊಡುವುದು ಸರ್ಕಾರವೇ, ಇನ್ನೊಂದು ಕೈಯಲ್ಲಿ ಬಾಗಿಲು ಹಾಕುವುದೂ ಸರ್ಕಾರವೇ. ಇದು ದಡ್ಡತನ ಅಂತ ನಗಬಹುದು. ಆದರೆ ಇದರಲ್ಲೊಂದು ಲೆಕ್ಕಾಚಾರವೂ ಇದೆ. ಪ್ರಶಸ್ತಿ ಸಮಾರಂಭ ನೋಡುವವರು ಕೆಲವು ನೂರು ಜನ. ಟೀವಿ ನೋಡುವವರು ಕೋಟಿಗಟ್ಟಲೆ ಜನ.

‘ಹಳೆಯದಾಯಿತು’ ಎಂಬ ಕಾರಣ

ಭೋಪಾಲದ ಚಿತ್ರದ ಕೇಸನ್ನು ಓದಿದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ತಪನ್ ಬೋಸ್, ಸುಹಾಸಿನಿ ಮುಳೆ, ಸಲೀಂ ಶೇಖ್ ಸೇರಿ ತೆಗೆದ ‘ಬಿಯಾಂಡ್ ಜೆನೊಸೈಡ್’ಗೆ ಸ್ವರ್ಣಕಮಲ ಬಂದಿತ್ತು. ದೂರದರ್ಶನ ಅದನ್ನು ತಿರಸ್ಕರಿಸಲು ಕೊಟ್ಟ ಕಾರಣಗಳಲ್ಲಿ ಮೊದಲಿನದೇ ಇದು: ಚಿತ್ರ ಹಳೆಯದಾಗಿದೆ, ಪ್ರಸ್ತುತತೆ ಕಳೆದುಕೊಂಡಿದೆ. ಅದರ ಜೊತೆಗೇ ಇನ್ನೊಂದು ಕಾರಣ: ಪರಿಹಾರದ ವಿಷಯ ಇನ್ನೂ ಕೋರ್ಟಿನಲ್ಲಿದೆ, ರಾಜಕೀಯ ಪಕ್ಷಗಳು ಈ ವಿಷಯ ಎತ್ತುತ್ತಿವೆ, ತೋರಿಸಿದರೆ ಗದ್ದಲವಾದೀತು.

ಎರಡನ್ನೂ ಒಟ್ಟಿಗೆ ಓದಿ ನೋಡಿ. ವಿಷಯ ತಣ್ಣಗಾಗಿದೆ, ಆದ್ದರಿಂದ ತೋರಿಸುವುದಿಲ್ಲ. ವಿಷಯ ಬಿಸಿಯಾಗಿದೆ, ಆದ್ದರಿಂದ ತೋರಿಸುವುದಿಲ್ಲ! ಇವೆರಡರ ನಡುವೆ ಚಿತ್ರ ತೋರಿಸಲು ಯೋಗ್ಯವಾದ ದಿನ ಯಾವುದು? ಅಂಥ ದಿನ ಪಂಚಾಂಗದಲ್ಲೇ ಇಲ್ಲ.

1992ರಲ್ಲಿ ಸುಪ್ರೀಂ ಕೋರ್ಟ್ ಈ ವಾದಗಳನ್ನೆಲ್ಲ ತಳ್ಳಿಹಾಕಿತು. ಸರ್ಕಾರದ ಹತೋಟಿಯಲ್ಲಿರುವ, ಜನರ ದುಡ್ಡಿನಲ್ಲಿ ನಡೆಯುವ ಮಾಧ್ಯಮ ಸರಿಯಾದ ಕಾರಣವಿಲ್ಲದೆ ಬಾಗಿಲು ಹಾಕುವಂತಿಲ್ಲ ಅಂತು. ಸರ್ಕಾರವನ್ನು ಟೀಕಿಸುತ್ತದೆ ಅನ್ನುವುದೇ ಕಾರಣವಾಗಲಾರದು ಅಂತು. ಬಹಳ ದೊಡ್ಡ ತೀರ್ಪು ಅದು, ಮುಂದೆ ಎಷ್ಟೋ ಚಿತ್ರಗಳಿಗೆ ಊರುಗೋಲಾಯಿತು. ಆದರೆ ಭೋಪಾಲದ ಸಂತ್ರಸ್ತರ ಪರಿಹಾರವನ್ನು ಯೂನಿಯನ್ ಕಾರ್ಬೈಡ್ ಜೊತೆ 47 ಕೋಟಿ ಡಾಲರಿಗೆ ರಾಜಿ ಮಾಡಿ ಮುಗಿಸಿದ್ದು 1989ರಲ್ಲಿ. ಅಂದರೆ ದೇಶ ಈ ವಿಷಯ ಚರ್ಚಿಸಬೇಕಿದ್ದ ಹೊತ್ತಿನಲ್ಲಿ ಚಿತ್ರ ಕೋರ್ಟಿನ ಕಡತದೊಳಗಿತ್ತು.

ಲಾಲ್ ದಾಸ್ ಮಾತು ಯಾರಿಗೆ ತಲುಪಿತು?

ಈಗ ‘ರಾಮ್ ಕೆ ನಾಮ್’. 1990ರ ಸೆಪ್ಟೆಂಬರ್‌ನಲ್ಲಿ ಸೋಮನಾಥದಿಂದ ಹೊರಟ ಎಲ್.ಕೆ. ಅಡ್ವಾಣಿಯವರ ರಥಯಾತ್ರೆ, ಅಕ್ಟೋಬರ್ 30ರ ಅಯೋಧ್ಯೆಯ ಕರಸೇವೆ, ದಾರಿಯುದ್ದಕ್ಕೂ ಸಿಕ್ಕ ಜನರ ಮಾತು, ಇವೇ ಚಿತ್ರದ ವಸ್ತು. ಪರ ಇರುವವರೂ ಮಾತಾಡುತ್ತಾರೆ, ವಿರೋಧಿಸುವವರೂ ಮಾತಾಡುತ್ತಾರೆ. ಆದರೆ ನೋಡಿದವರು ಯಾರೂ ಮರೆಯದ ಮನುಷ್ಯ ಒಬ್ಬರಿದ್ದಾರೆ, ಪೂಜಾರಿ ಲಾಲ್ ದಾಸ್.

ವಿವಾದಿತ ಜಾಗದ ರಾಮಮಂದಿರಕ್ಕೆ ನ್ಯಾಯಾಲಯವೇ ನೇಮಿಸಿದ್ದ ಪ್ರಧಾನ ಅರ್ಚಕರು ಅವರು. ಈ ಗಲಾಟೆಯೆಲ್ಲ ಭಕ್ತಿಗಾಗಿ ಅಲ್ಲ, ದುಡ್ಡು ಮತ್ತು ಅಧಿಕಾರಕ್ಕಾಗಿ ಅಂತ ಅವರು ತಣ್ಣಗೆ ಹೇಳುತ್ತಾರೆ. ದೆಹಲಿಯ ಯಾವುದೋ ಪ್ರೊಫೆಸರ್ ಹೇಳಿದ್ದರೆ ಬೇರೆ ಮಾತು. ದಿನಾ ರಾಮನಿಗೆ ಆರತಿ ಎತ್ತುವ ಮನುಷ್ಯ ಹೇಳುತ್ತಿದ್ದಾರೆ. ಅದಕ್ಕೇ ಆ ಮಾತಿಗೆ ಅಷ್ಟು ತೂಕ. ಒಪ್ಪುವುದು ಬಿಡುವುದು ನೋಡುವವರಿಗೆ ಬಿಟ್ಟದ್ದು, ಆದರೆ ಕೇಳಿಸಿಕೊಳ್ಳಬೇಕಾದ ಮಾತು.

ಚಿತ್ರಕ್ಕೆ ಸೆನ್ಸಾರ್ ‘ಯು’ ಕೊಟ್ಟಿತು. ತನಿಖಾ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ದೂರದರ್ಶನ ಮಾತ್ರ ಒಪ್ಪಲಿಲ್ಲ. ಕೆಲವೇ ವರ್ಷಗಳ ಹಿಂದೆ, 1987-88ರಲ್ಲಿ, ಇದೇ ದೂರದರ್ಶನ ರಮಾನಂದ ಸಾಗರರ ‘ರಾಮಾಯಣ’ ತೋರಿಸಿ ಭಾನುವಾರ ಬೆಳಿಗ್ಗೆ ಬೀದಿಗಳನ್ನೇ ಖಾಲಿ ಮಾಡಿಸಿತ್ತು. ರಾಮನ ಕಥೆಗೆ ಜಾಗವಿತ್ತು. ರಾಮನ ಹೆಸರಲ್ಲಿ ನಡೆಯುತ್ತಿದ್ದುದರ ಕಥೆಗೆ ಜಾಗವಿರಲಿಲ್ಲ.

ಪಟವರ್ಧನ್ ಮತ್ತು ಗೆಳೆಯರು ಕಾಲೇಜು, ಸಂಘ, ಬಸ್ತಿಗಳಲ್ಲಿ ಪ್ರೊಜೆಕ್ಟರ್, ವಿಡಿಯೋ ಕ್ಯಾಸೆಟ್ ಹೊತ್ತು ತಿರುಗಿ ತೋರಿಸಿದರು. ನೂರು ಜನ, ಇನ್ನೂರು ಜನ. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿತು. ಮುಂದಿನ ವಾರಗಳಲ್ಲಿ ಮುಂಬಯಿ ಹೊತ್ತಿ ಉರಿಯಿತು. ಲಾಲ್ ದಾಸ್ ಅವರನ್ನು ಅದೇ ವರ್ಷ ಅರ್ಚಕ ಹುದ್ದೆಯಿಂದ ತೆಗೆದುಹಾಕಿದ್ದರು. 1993ರ ನವೆಂಬರ್‌ನಲ್ಲಿ ಅವರ ಕೊಲೆಯಾಯಿತು.

ಕೋರ್ಟಿನ ಹೋರಾಟ ಮುಗಿದು 1997ರಲ್ಲಿ ಚಿತ್ರ ದೂರದರ್ಶನದಲ್ಲಿ ಬಂದಾಗ ಆ ಅರ್ಚಕರು ಸತ್ತು ಮೂರು ವರ್ಷ ದಾಟಿತ್ತು. ಆ ದಿನ ಕೋಟ್ಯಂತರ ಜನ ಅವರ ಮಾತು ಕೇಳಿರಬಹುದು. ಒಂದು ವೇಳೆ 1992ರಲ್ಲೇ ಕೇಳಿದ್ದರೆ? ಮಸೀದಿ ಉಳಿಯುತ್ತಿತ್ತು ಅಂತ ನಾನು ಹೇಳಲಾರೆ, ಒಂದು ಚಿತ್ರಕ್ಕೆ ಅಷ್ಟು ಶಕ್ತಿ ಇದೆ ಅನ್ನುವುದು ಅತಿಯಾಸೆ. ಆದರೆ ಅಯೋಧ್ಯೆಯ ಅರ್ಚಕನೇ ಹೀಗೆ ಹೇಳುತ್ತಾನಲ್ಲ ಅಂತ ಊರೂರಲ್ಲಿ ಒಂದು ಮಾತುಕತೆ ಆಗಬಹುದಿತ್ತು. ಅದು ಆಗಲಿಲ್ಲ. ತಡದಿಂದ ಆಗುವ ನಷ್ಟ ಇದು. ಇದಕ್ಕೆ ಯಾವ ಕೋರ್ಟೂ ಪರಿಹಾರ ಕೊಡಲಾರದು.

‘ಫಾದರ್, ಸನ್ ಅಂಡ್ ಹೋಲಿ ವಾರ್’ ಇನ್ನೂ ಒಂದು ಹೆಜ್ಜೆ ಮುಂದೆ. ಗಂಡಸುತನದ ಹುಚ್ಚಿಗೂ ಕೋಮುಹಿಂಸೆಗೂ ಇರುವ ನಂಟಿನ ಬಗೆಗಿನ ಚಿತ್ರ. ಮೊದಲ ಭಾಗಕ್ಕೆ ‘ಯು’, ಎರಡನೆಯದಕ್ಕೆ ‘ಎ’ ಸರ್ಟಿಫಿಕೇಟ್ ಇತ್ತು. ಸಮಿತಿ ಆಯಿತು, ಇನ್ನೊಂದು ಸಮಿತಿ ಆಯಿತು, ಹೈಕೋರ್ಟ್ ಆಯಿತು, ಸುಪ್ರೀಂ ಕೋರ್ಟ್ ಆಯಿತು. 2006ರಲ್ಲಿ ಎಂಟು ವಾರದೊಳಗೆ ತೋರಿಸಿ ಅಂತ ಆದೇಶ. ಚಿತ್ರವನ್ನು ಒಂದೊಂದು ತುಣುಕಾಗಿ ಅಲ್ಲ, ಇಡಿಯಾಗಿ, ಸಾಮಾನ್ಯ ಮನುಷ್ಯನ ಕಣ್ಣಿನಿಂದ ನೋಡಬೇಕು ಅಂತ ಕೋರ್ಟ್ ಹೇಳಿದ್ದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಅಷ್ಟರಲ್ಲಿ ಆ ಚಿತ್ರ ಕಂಡ ಮುಂಬಯಿ ಗಲಭೆಯ ಮಕ್ಕಳು ಓಟು ಹಾಕುವ ವಯಸ್ಸಿಗೆ ಬಂದಿದ್ದರು.

ರಸ್ತೆಯ ಆಚೆ ಬದಿಯ ಉತ್ಸವ

2002ರಲ್ಲಿ ಪಟವರ್ಧನ್ ‘ಜಂಗ್ ಔರ್ ಅಮನ್’ ಮುಗಿಸಿದರು. 1998ರ ಪೋಖ್ರಾನ್ ಮತ್ತು ಚಗಾಯ್ ಅಣುಪರೀಕ್ಷೆಗಳ ನಂತರದ ಭಾರತ ಪಾಕಿಸ್ತಾನಗಳ ಬಗೆಗಿನ ಚಿತ್ರ. ಸೆನ್ಸಾರ್ ಮೊದಲು ಆರು ಕಡೆ ಕತ್ತರಿಸಿ ಅಂತು. ಮೇಲಿನ ಸಮಿತಿಗೆ ಹೋದರೆ ಅದು 21 ಆಯಿತು! ಅದರಲ್ಲಿ ಒಂದು, ಪ್ರಧಾನಿ ಸೇರಿದಂತೆ ರಾಜಕೀಯ ನಾಯಕರ ದೃಶ್ಯ ಮತ್ತು ಮಾತುಗಳನ್ನೆಲ್ಲ ತೆಗೆಯಿರಿ ಅನ್ನುವುದು. ರಾಜಕಾರಣದ ಚಿತ್ರದಲ್ಲಿ ರಾಜಕಾರಣಿಗಳೇ ಇರಬಾರದಂತೆ. ಒಂದು ವರ್ಷದ ಗುದ್ದಾಟದ ನಂತರ 2003ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಒಂದೂ ಕತ್ತರಿ ಬೇಡ ಅಂತ ತೀರ್ಪು ಕೊಟ್ಟಿತು.

ಆ ವರ್ಷವೇ ಇನ್ನೊಂದು ಸಂಗತಿ ನಡೆಯಿತು. ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಷನ್ ನಡೆಸುತ್ತಿದ್ದ ಅಂತಾರಾಷ್ಟ್ರೀಯ ಸಾಕ್ಷ್ಯಚಿತ್ರೋತ್ಸವಕ್ಕೆ ಒಂದು ಹೊಸ ನಿಯಮ ಬಂತು. 2004ರ ಉತ್ಸವಕ್ಕೆ ಚಿತ್ರ ಕಳಿಸುವ ಭಾರತೀಯರು ಸೆನ್ಸಾರ್ ಸರ್ಟಿಫಿಕೇಟ್ ತರಬೇಕು, ವಿದೇಶಿಯರು ತರಬೇಕಾಗಿಲ್ಲ. ದೇಶದಾದ್ಯಂತ ಸಾಕ್ಷ್ಯಚಿತ್ರ ತೆಗೆಯುವವರು ಒಟ್ಟಾಗಿ ಪ್ರತಿಭಟಿಸಿದರು. ನಿಯಮ ವಾಪಸ್ಸಾಯಿತು. ಆದರೆ ಆಯ್ಕೆಯ ಪಟ್ಟಿ ಬಂದಾಗ ನೋಡಿದರೆ ರಾಜಕೀಯವಾಗಿ ಇರಿಯುವಂಥ ಎಷ್ಟೋ ಒಳ್ಳೆಯ ಚಿತ್ರಗಳೇ ಇಲ್ಲ.

ಆಗ ಇವರು ಮಾಡಿದ್ದು ಕೋರ್ಟಿಗೆ ಹೋಗುವ ಕೆಲಸವಲ್ಲ. 2004ರ ಫೆಬ್ರವರಿಯಲ್ಲಿ ಅಧಿಕೃತ ಉತ್ಸವದ ಹತ್ತಿರದಲ್ಲೇ, ಪ್ರಭಾದೇವಿಯ ಭೂಪೇಶ್ ಗುಪ್ತಾ ಭವನದಲ್ಲಿ ತಮ್ಮದೇ ಉತ್ಸವ ಹೂಡಿದರು. ಹೆಸರು ‘ವಿಕಲ್ಪ’. ಅಲ್ಲಿ ಬಿಟ್ಟ ಚಿತ್ರಗಳನ್ನು ಇಲ್ಲಿ ತೋರಿಸಿದರು. ಅದೇ ದಿನಗಳಲ್ಲಿ, ಅದೇ ಜನಕ್ಕೆ. ಇದೇ ನೋಡಿ ಹೊಸದು. ‘ನಾಳೆ ಬಾ’ ಅಂದವನಿಗೆ ‘ಇವತ್ತೇ ತೋರಿಸುತ್ತೇವೆ’ ಅಂದದ್ದು. ಆಮೇಲೆ ಈ ‘ವಿಕಲ್ಪ’ದ ಹೆಸರಿನಲ್ಲಿ ಬೆಂಗಳೂರೂ ಸೇರಿ ಬೇರೆ ಬೇರೆ ಊರುಗಳಲ್ಲಿ ಪ್ರದರ್ಶನಗಳು ನಡೆದವು.

ಒಂದು ತೆಗೆದುಕೊಳ್ಳಿ, ಐದು ಮಾಡಿ

ಮುಂಬಯಿ ಉತ್ಸವ ಬಿಟ್ಟ ಚಿತ್ರಗಳಲ್ಲಿ ರಾಕೇಶ್ ಶರ್ಮಾ ಅವರ ‘ಫೈನಲ್ ಸಲ್ಯೂಷನ್’ ಕೂಡ ಒಂದು. 2002ರ ಗುಜರಾತ್ ಹತ್ಯಾಕಾಂಡ ಮತ್ತು ಆಮೇಲಿನ ಚುನಾವಣೆಯ ಬಗೆಗಿನ ಮೂರೂವರೆ ಗಂಟೆಯ ಚಿತ್ರ. ಅದೇ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ವೋಲ್ಫ್‌ಗಾಂಗ್ ಸ್ಟೌಡ್ಟೆ ಪ್ರಶಸ್ತಿ ಬಂತು. ಇಲ್ಲಿ ಸೆನ್ಸಾರ್ ಮಂಡಳಿ ಪ್ರದರ್ಶನಕ್ಕೆ ಅನುಮತಿಯನ್ನೇ ನಿರಾಕರಿಸಿತು. ಚಿತ್ರ ತೋರಿಸಿದರೆ ದ್ವೇಷ ಹುಟ್ಟುತ್ತದೆ ಅನ್ನುವ ಅದೇ ಹಳೆಯ ವಾದ.

ಶರ್ಮಾ ಒಂದು ಉಪಾಯ ಹೂಡಿದರು. ಆಗ ವಿಸಿಡಿ ಕಾಲ. ಬರ್ಮಾ ಬಜಾರು, ನ್ಯಾಷನಲ್ ಮಾರ್ಕೆಟ್ಟುಗಳಲ್ಲಿ ಹೊಸ ಸಿನಿಮಾಗಳ ಕಳ್ಳಪ್ರತಿ ಸಿಗುತ್ತಿದ್ದ ಕಾಲ. ಇಡೀ ಚಿತ್ರರಂಗ ಪೈರಸಿಯ ವಿರುದ್ಧ ಬಾಯಿ ಬಡಿದುಕೊಳ್ಳುತ್ತಿದ್ದಾಗ ಈ ಮನುಷ್ಯ ‘ನನ್ನ ಚಿತ್ರವನ್ನು ದಯವಿಟ್ಟು ಕದಿಯಿರಿ’ ಅಂದರು! ಪ್ರತಿ ಉಚಿತ, ಒಂದೇ ಷರತ್ತು: ನೀವು ಅದರ ಐದು ಪ್ರತಿ ಮಾಡಿ ಬೇರೆಯವರಿಗೆ ಹಂಚಬೇಕು. 2004ರ ಕೊನೆಯ ಹೊತ್ತಿಗೆ ಹೀಗೆ 10,000ಕ್ಕೂ ಹೆಚ್ಚು ವಿಸಿಡಿಗಳು ಉಚಿತವಾಗಿ ಹಂಚಿಹೋಗಿದ್ದವು. ಪಡೆದವರಲ್ಲಿ ಅರ್ಧ ಜನ ಮಾತು ಉಳಿಸಿಕೊಂಡಿದ್ದರೂ ಲೆಕ್ಕ ಎಲ್ಲಿಗೆ ಹೋಗುತ್ತದೆ, ನೀವೇ ಗುಣಿಸಿಕೊಳ್ಳಿ.

ಇದರ ಹಿಂದಿನ ಬದಲಾವಣೆ ಚಿಕ್ಕದಲ್ಲ. 16 ಎಂಎಂ ಪ್ರಿಂಟ್ ಅಂದರೆ ಸಾವಿರಾರು ರೂಪಾಯಿ, ಭಾರವಾದ ಡಬ್ಬಿ, ಪ್ರೊಜೆಕ್ಟರ್ ನಡೆಸುವವನು. ವಿಎಚ್‌ಎಸ್ ಕ್ಯಾಸೆಟ್ ಅಗ್ಗ, ಆದರೆ ಪ್ರತಿಯಿಂದ ಪ್ರತಿ ಮಾಡುತ್ತಾ ಹೋದಂತೆ ಮುಖಗಳೇ ಕಾಣಿಸದಷ್ಟು ಮಸುಕು. ತಟ್ಟೆಯ ವಿಷಯ ಹಾಗಲ್ಲ. ಒಂದು ವಿಸಿಡಿಯಲ್ಲಿ ಹಿಡಿಸುವುದು ಒಂದೂ ಕಾಲು ಗಂಟೆಯಷ್ಟೇ ಆದರೂ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ಕಂಪ್ಯೂಟರ್ ಇದ್ದವರೆಲ್ಲ ಹಂಚಿಕೆದಾರರೇ.

ಪ್ರತಿಭಟನಾ ಪ್ರದರ್ಶನಗಳು ನಡೆದವು, ಸಹಿ ಸಂಗ್ರಹ ಆಯಿತು, ನೋಡಿದ ಜನರೇ ಸರ್ಕಾರಕ್ಕೆ ಪತ್ರ ಬರೆದರು. ಅಕ್ಟೋಬರ್‌ನಲ್ಲಿ ನಿಷೇಧ ತೆಗೆದರು. ಕೆಲವೇ ತಿಂಗಳು! ‘ರಾಮ್ ಕೆ ನಾಮ್’ಗೆ ಹಿಡಿದ ವರ್ಷಗಳೆಲ್ಲಿ, ಇದೆಲ್ಲಿ? ಆ ವರ್ಷ ಕೇಂದ್ರದಲ್ಲಿ ಸರ್ಕಾರವೂ ಬದಲಾಗಿತ್ತು, ಅದನ್ನೂ ಮರೆಯಬಾರದು. ಆದರೆ ನಿಷೇಧಿಸಿದ ಚಿತ್ರ ಆಗಲೇ ಸಾವಿರಾರು ಮನೆಗಳಲ್ಲಿ ಓಡುತ್ತಿದ್ದಾಗ ನಿಷೇಧಕ್ಕೆ ಏನರ್ಥ ಉಳಿಯುತ್ತದೆ? ತಡ ಮಾಡುವವನ ಆಯುಧ ಸಮಯ. ಆ ಆಯುಧವೇ ಮೊಂಡಾಯಿತು. ಮುಂದೆ ಅದೇ ಚಿತ್ರಕ್ಕೆ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು.

ಹಾಗಂತ ತಟ್ಟೆ ಹಂಚಿದ್ದರಿಂದ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. 2007ರ ಜುಲೈಯಲ್ಲಿ ಕಾಶ್ಮೀರದ ಬಗೆಗಿನ ಸಂಜಯ್ ಕಾಕ್ ಅವರ ‘ಜಶ್ನ್-ಎ-ಆಜಾದಿ’ಯನ್ನು ತೋರಿಸಲು ಹೊರಟಾಗ ಸರ್ಟಿಫಿಕೇಟ್ ಇಲ್ಲ ಅಂತ ಪೊಲೀಸರು ತಡೆದರು. ಎಲ್ಲಿ ಗೊತ್ತೆ? ಅದೇ ಭೂಪೇಶ್ ಗುಪ್ತಾ ಭವನದಲ್ಲಿ. ಕಾನೂನು ಬದಲಾಗದಿದ್ದರೆ ಪ್ರತಿ ಪ್ರದರ್ಶನವೂ ಒಂದು ಅದೃಷ್ಟಪರೀಕ್ಷೆಯೇ.

ನಮ್ಮೂರಿಗೂ ಇದಕ್ಕೂ

ಇದೆಲ್ಲ ಮುಂಬಯಿ ದೆಹಲಿಯ ವ್ಯವಹಾರ, ನಮಗೇನು ಅಂತ ಅನ್ನಿಸಬಹುದು. ಬೆಂಗಳೂರಿನ ದೀಪಾ ಧನರಾಜ್ 1986ರಷ್ಟು ಹಿಂದೆಯೇ ಹೈದರಾಬಾದಿನ 1984ರ ಗಲಭೆಗಳ ಬಗ್ಗೆ ‘ಕ್ಯಾ ಹುವಾ ಇಸ್ ಶಹರ್ ಕೋ?’ ತೆಗೆದಿದ್ದರು. ಒಂದು ಊರಲ್ಲಿ ರಾಜಕೀಯ ಪಕ್ಷಗಳು ಹಬ್ಬದ ಮೆರವಣಿಗೆಯನ್ನು ಹೇಗೆ ಗಲಭೆಯಾಗಿ ತಿರುಗಿಸುತ್ತವೆ ಅಂತ ಅಯೋಧ್ಯೆಗೂ ಮೊದಲೇ ತೋರಿಸಿದ ಚಿತ್ರ. ಅದನ್ನು ಹೊಸದಾಗಿ ಶುಚಿ ಮಾಡಿ ಮತ್ತೆ ತೋರಿಸುವಂತೆ ಮಾಡಿದ್ದು ಬರ್ಲಿನ್ನಿನ ಒಂದು ಸಂಸ್ಥೆ, ಅದೂ 2013ರಲ್ಲಿ. ಅಂದರೆ ನಿಷೇಧವಿಲ್ಲದೆಯೂ ಚಿತ್ರ ಕಳೆದುಹೋಗಬಹುದು, ಹಂಚುವ ದಾರಿಯೇ ಇಲ್ಲದಿದ್ದರೆ ಅಷ್ಟೇ ಸಾಕು.

ಪಟವರ್ಧನ್ 2018ರಲ್ಲಿ ‘ವಿವೇಕ್’ ತೆಗೆದರು. ದಾಭೋಲ್ಕರ್, ಪಾನ್ಸರೆ ಜೊತೆಗೆ ನಮ್ಮ ಎಂ.ಎಂ. ಕಲಬುರ್ಗಿ ಮತ್ತು ಗೌರಿ ಲಂಕೇಶ್ ಅವರ ಕೊಲೆಗಳ ಬೆನ್ನುಹತ್ತಿದ ಚಿತ್ರ. ಧಾರವಾಡದ ಕಲ್ಯಾಣನಗರ, ಬೆಂಗಳೂರಿನ ರಾಜರಾಜೇಶ್ವರಿ ನಗರಗಳಲ್ಲಿ ಆದ ಕೊಲೆಗಳು ಅವು. ಆಮ್‌ಸ್ಟರ್‌ಡ್ಯಾಮಿನ ಸಾಕ್ಷ್ಯಚಿತ್ರೋತ್ಸವದಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. 2019ರ ಜೂನ್‌ನಲ್ಲಿ ಕೇರಳದ ಉತ್ಸವದಲ್ಲಿ ತೋರಿಸಲು ಕೇಂದ್ರದ ಪ್ರಸಾರ ಸಚಿವಾಲಯ ವಿನಾಯಿತಿ ಕೊಡಲಿಲ್ಲ. ಕೇರಳ ಹೈಕೋರ್ಟ್ ಉತ್ಸವ ನಡೆಯುತ್ತಿರುವಾಗಲೇ ತೀರ್ಪು ಕೊಟ್ಟಿತು, ಚಿತ್ರ ಪ್ರದರ್ಶನವಾಯಿತು. ಕೋರ್ಟ್ ಮನಸ್ಸು ಮಾಡಿದರೆ ದಿನಗಳಲ್ಲೂ ಕೆಲಸ ಆಗುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ. ಹಾಗಾದರೆ ಬೇರೆಯವಕ್ಕೆ ಯಾಕೆ ಹತ್ತು ವರ್ಷ?

ಈಗ ಯೂಟ್ಯೂಬ್ ಇದೆ, ತಟ್ಟೆ ಬೇಕಾಗಿಲ್ಲ, ಎಲ್ಲ ಸುಲಭ ಅನ್ನುವವರಿದ್ದಾರೆ. ‘ರಾಮ್ ಕೆ ನಾಮ್’ ಕೂಡ ಅಲ್ಲಿ ಸೇರಿ ಲಕ್ಷಾಂತರ ಜನ ನೋಡಿದರು, ನಿಜ. ಆದರೆ ಒಂದು ವ್ಯತ್ಯಾಸ ಇದೆ. 10,000 ಮನೆಗಳಲ್ಲಿ ಚದುರಿದ ವಿಸಿಡಿಯನ್ನು ಯಾರೂ ಒಂದೇ ಗುಂಡಿ ಒತ್ತಿ ಮಾಯ ಮಾಡಲಾಗದು. ಕೊಂಡಿಯನ್ನು ಮಾಡಬಹುದು. 2023ರ ಜನವರಿಯಲ್ಲಿ ಗುಜರಾತಿನ ಬಗ್ಗೆ ಬಿಬಿಸಿ ತೆಗೆದ ಸಾಕ್ಷ್ಯಚಿತ್ರದ ಕೊಂಡಿಗಳನ್ನು ಯೂಟ್ಯೂಬ್, ಟ್ವಿಟರ್‌ಗಳಿಂದ ತೆಗೆಸಲು ಸರ್ಕಾರಕ್ಕೆ ಬೇಕಾದದ್ದು 2021ರ ಐಟಿ ನಿಯಮಗಳ ತುರ್ತು ಅಧಿಕಾರದ ಒಂದು ಆದೇಶ ಮಾತ್ರ. ಜೆಎನ್‌ಯುನಲ್ಲಿ ವಿದ್ಯಾರ್ಥಿಗಳು ನೋಡಲು ಕೂತ ಹೊತ್ತಿಗೆ ಕರೆಂಟ್ ಹೋಯಿತು. ಅವರು ತಂತಮ್ಮ ಮೊಬೈಲು, ಲ್ಯಾಪ್‌ಟಾಪುಗಳಲ್ಲಿ ನೋಡಿದರು. ಮತ್ತೆ ಅದೇ, ಕೈಯಿಂದ ಕೈಗೆ.

ಒಂದೇ ಬಾಗಿಲಿನ ಮನೆ ಹೋಯಿತು ಅಂದುಕೊಂಡೆವು. ಬಾಗಿಲು ದೊಡ್ಡದಾಗಿದೆ, ಬೀಗ ಮಾತ್ರ ಈಗಲೂ ಒಂದೇ.

ಇಷ್ಟೆಲ್ಲ ನೋಡಿದ ಮೇಲೆ ನನಗನ್ನಿಸುವುದು ಇಷ್ಟು. ಕೋರ್ಟಿನ ದಾರಿ ಮತ್ತು ಕೈಯಿಂದ ಕೈಗೆ ಹಂಚುವ ದಾರಿ, ಇವೆರಡರಲ್ಲಿ ಯಾವುದು ಮೇಲು ಅನ್ನುವ ಜಗಳವೇ ಬೇಡ. ಕೋರ್ಟಿಗೆ ಹೋದವರು ಮುಂದಿನವರಿಗೆ ಹಕ್ಕು ಗಳಿಸಿಕೊಟ್ಟರು. ತಟ್ಟೆ ಹಂಚಿದವರು ತಮ್ಮ ಕಾಲದವರಿಗೆ ಚಿತ್ರ ತಲುಪಿಸಿದರು. ಎರಡೂ ಬೇಕು. ಆದರೆ ಅಬ್ಬಾಸ್ ಅರ್ಧ ಶತಮಾನಕ್ಕೂ ಹಿಂದೆ ಕೇಳಿದ ಆ ಸಣ್ಣ ಪ್ರಶ್ನೆ, ‘ಎಷ್ಟು ದಿನದೊಳಗೆ ಹೇಳುತ್ತೀರಿ?’ ಅನ್ನುವುದು, ‘ಬೇಡ’ ಅನ್ನುವುದಕ್ಕಿಂತ ‘ನಾಳೆ’ ಅನ್ನುವುದು ಅಧಿಕಾರಕ್ಕೆ ಸುಲಭವಾಗಿರುವ ತನಕ ಹಾಗೇ ಉಳಿದಿರುತ್ತದೆ.

ಮುಂದಿನ ಸಲ ಯಾವುದಾದರೂ ಚಿತ್ರಕ್ಕೆ ಕೋರ್ಟಿನಲ್ಲಿ ಜಯ ಅಂತ ಪತ್ರಿಕೆಯಲ್ಲಿ ಓದಿದಾಗ, ದಯವಿಟ್ಟು ಒಂದು ಕೆಲಸ ಮಾಡಿ. ಆ ಚಿತ್ರ ಮುಗಿದ ವರ್ಷ ಯಾವುದು ಅಂತ ನೋಡಿ, ತೀರ್ಪಿನ ವರ್ಷದಿಂದ ಅದನ್ನು ಕಳೆಯಿರಿ. ಉಳಿದ ಸಂಖ್ಯೆಯಷ್ಟು ವರ್ಷ ಅದನ್ನು ನಮ್ಮಿಂದ ಮುಚ್ಚಿಟ್ಟಿದ್ದರು ಅಂತ ಅರ್ಥ, ತೀರ್ಪಿನಲ್ಲಿ ಏನೇ ಬರೆದಿರಲಿ.